ರಕ್ತದೊತ್ತಡ: ಗುಳಿಗೆ ನಿಲ್ಲಿಸುವ ಮುನ್ನ

“ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ನೇಕೆ ಗುಳಿಗೆ?” ರಕ್ತದೊತ್ತಡದ ಕಾಯಿಲೆಯುಳ್ಳವರ ಬಾಯಲ್ಲಿ ಈ ಮಾತನ್ನು ಮೇಲಿಂದ ಮೇಲೆ ಕೇಳುತ್ತೇವೆ. ಒಂದೆರಡು ತಿಂಗಳು ಔಷಧ ಸೇವಿಸಿ, ಅಳತೆ ಸರಿಬಂದೊಡನೆ ಗುಣವಾಯಿತೆಂದು ಬಗೆದು ಬಿಟ್ಟುಬಿಡುವವರು ಬಹಳ ಮಂದಿ. ಅಪಾಯವಿರುವುದು ಇಲ್ಲಿಯೇ.

ಹೃದಯವು ನೂಕಿದ ರಕ್ತವು ನಾಳಗಳ ಗೋಡೆಯನ್ನು ಒತ್ತುವ ಬಲವೇ ರಕ್ತದೊತ್ತಡ. ಹೃದಯವು ಸಂಕುಚಿಸಿದಾಗಿನ ಒತ್ತಡವು ಮೇಲಿನ ಅಂಕೆ. ಸಡಿಲಿದಾಗಿನದು ಕೆಳಗಿನ ಅಂಕೆ. ದವಾಖಾನೆಯಲ್ಲಿ ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೆ ಅದಕ್ಕಿಂತ ಹೆಚ್ಚು ಬಂದರೆ ಒತ್ತಡ ಏರಿದೆಯೆಂದೇ ಅರ್ಥ. ಬಹುಮಂದಿಗೆ ಇದರಿಂದ ಯಾವ ನೋವೂ ತೋರದು. ಆದರೆ ಅದು ವರ್ಷಗಟ್ಟಲೆ ನಾಳಗಳನ್ನು ಸವೆಸಿ, ಕೊನೆಗೊಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಮೂತ್ರಪಿಂಡಗಳ ರೋಗವಾಗಿಯೋ ಹೊರಬೀಳುತ್ತದೆ. ಆದುದರಿಂದ ಮೈಯ ಮಾತಿಗಿಂತ ಅಳತೆಯ ಮಾತನ್ನು ನಂಬಬೇಕು.

ಈ ಕಾಯಿಲೆಯ ಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ಮುಂಬಯಿಗೂ ಒಂದು ಸ್ಥಾನವಿದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ಸರ್ಪಗಂಧಿಯ ಬೇರನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ, ಅದರ ಫಲವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪಶ್ಚಿಮದ ವೈದ್ಯರ ಕಣ್ಣು ಆಗ ಈ ಗಿಡದತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ವಕೀಲರಿಗೆ 1957ರಲ್ಲಿ ಅಮೇರಿಕೆಯ ಲಾಸ್ಕರ್ ಪಾರಿತೋಷಕ ಸಂದಿತು. ಇಂದು ಅದಕ್ಕಿಂತ ಉತ್ತಮ ಔಷಧಗಳು ಬಂದಿವೆ; ಆ ಬೇರಿನ ಸತ್ವವು ಕೆಲವರ ಮನಸ್ಸನ್ನು ಕುಗ್ಗಿಸುವುದೂ ಉಂಟು. ಅದನ್ನು ತಾವಾಗಿಯೇ ಅರೆದು ಕುಡಿಯುವುದು ಸಲ್ಲದು. ಆ ಬೇರಾಗಲಿ ಈಗಿನ ಗುಳಿಗೆಯಾಗಲಿ ಒತ್ತಡವನ್ನು ತಗ್ಗಿಸಿ ಹಿಡಿಯುತ್ತವೆಯೇ ಹೊರತು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಹಿಡಿತ ಬಿಟ್ಟರೆ ಒತ್ತಡ ಮತ್ತೆ ಏರುತ್ತದೆ. ಅಳತೆ ಸರಿಯಾಗಿದೆಯೆಂದರೆ ಗುಳಿಗೆ ತನ್ನ ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು.

ನಮ್ಮವರು ಗುಳಿಗೆ ತಪ್ಪಿಸುವ ಇನ್ನೊಂದು ಸಂದರ್ಭ ಊರಿನ ಪ್ರಯಾಣ. ಮದುವೆಗೋ ಕೋಲಕ್ಕೋ ಎಂದು ನಾಲ್ಕು ದಿನಕ್ಕೆ ಹೋದವರು ಹದಿನೈದು ದಿನ ನಿಲ್ಲುತ್ತಾರೆ, ಗುಳಿಗೆ ಮುಗಿದಿರುತ್ತದೆ. ಹೊರಡುವಾಗಲೇ ಒಂದು ತಿಂಗಳಿಗಾಗುವಷ್ಟು ಕಟ್ಟಿಕೊಳ್ಳಿರಿ; ವೈದ್ಯರ ಚೀಟಿಯನ್ನೂ ಜೊತೆಗಿಡಿರಿ. ನೆರೆಮನೆಯವರ ಗುಳಿಗೆ ನಿಮಗೆ ಒಗ್ಗದಿರಬಹುದು. ಮಂಡಿನೋವಿಗೆಂದು ಅಂಗಡಿಯಿಂದ ತರುವ ಕೆಲವು ನೋವಿನ ಗುಳಿಗೆಗಳೂ ಒತ್ತಡವನ್ನು ಏರಿಸುವುದರಿಂದ ಮೊದಲು ವೈದ್ಯರನ್ನು ಕೇಳಿರಿ.

ಇನ್ನು ಊಟದ ಮಾತು. ದಿನಕ್ಕೆ ಐದು ಗ್ರಾಮಿಗಿಂತ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಒಣಮೀನು, ಸ್ಟೇಶನ್ನಿನ ಹೊರಗಿನ ವಡಾಪಾವ್ ಇವುಗಳಲ್ಲಿಯೇ ಅದು ಮುಗಿದುಹೋದೀತು. ಸೈಂಧವ ಲವಣವೂ ಉಪ್ಪೇ. ಹೋಟೇಲಿನಲ್ಲಿ ದುಡಿದು ಅಲ್ಲಿಯೇ ಉಣ್ಣುವ ನಮ್ಮ ಬಂಧುಗಳು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ವಾರದ ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆ ಬಿರುಸಿನ ನಡಿಗೆಯಿರಲಿ. ಬಸ್ಸಿನಿಂದ ಒಂದೆರಡು ನಿಲ್ದಾಣ ಮೊದಲೇ ಇಳಿದರೂ ಆಯಿತು. ಬೀಡಿ, ಸಿಗರೇಟು, ತಂಬಾಕುಗಳನ್ನು ಬಿಡಬೇಕು. ಮದ್ಯವೂ ಒತ್ತಡವನ್ನು ಏರಿಸುತ್ತದೆ.

ಅಳೆಯಿಸುವಾಗಲೂ ಒಂದು ಕ್ರಮವಿದೆ. ಲೋಕಲ್ ಗಾಡಿಯಿಂದಿಳಿದು ಮೆಟ್ಟಲು ಹತ್ತಿ ಬಂದ ಕೂಡಲೇ ತೋಳು ಚಾಚಬಾರದು. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಮಾತನಾಡದೆ ಕುಳಿತಿರಿ. ತೋಳು ಹೃದಯದ ಮಟ್ಟದಲ್ಲಿರಲಿ. ಅದಕ್ಕೆ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಧೂಮಪಾನ ಬೇಡ. ಬಂದ ಅಂಕೆಯನ್ನು ತಾರೀಖಿನೊಂದಿಗೆ ಒಂದು ವಹಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಗುಳಿಗೆಯನ್ನು ಕಡಿಮೆ ಮಾಡುವುದಿದ್ದರೂ ಆ ವಹಿ ನೋಡಿ ಅವರೇ ಮಾಡಲಿ.

ಮುಖ ಒಂದು ಕಡೆ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಎದೆ ಬಿಗಿದು ನೋವು ಬಂದರೆ ಮನೆಮದ್ದಿಗೆ ಕಾಯದೆ 108ಕ್ಕೆ ಫೋನು ಮಾಡಿ ಆಸ್ಪತ್ರೆ ಸೇರಬೇಕು.

ಹಣದ ಅಡಚಣೆಯುಳ್ಳವರು ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ಒತ್ತಡವನ್ನು ಅಳೆಯಿಸಿ ಔಷಧವನ್ನೂ ಪಡೆಯಬಹುದು. ಇದನ್ನೋದಿದ ವಾಚಕರು ಇಂದು ಮನೆಗೆ ಹೋದೊಡನೆ, ಅರ್ಧಕ್ಕೇ ಬಿಟ್ಟ ಗುಳಿಗೆಯ ಪೊಟ್ಟಣವೇನಾದರೂ ಕಪಾಟಿನಲ್ಲಿದೆಯೇ ಎಂದು ನೋಡಲಿ. ಇದ್ದರೆ, ಅದನ್ನು ಹಿಡಿದುಕೊಂಡು ನಾಳೆಯೇ ವೈದ್ಯರಲ್ಲಿಗೆ ಹೋಗುವುದು ಒಳಿತು.