ನೋಟ್‌ಬುಕ್ ತಗೊಳ್ಳೋ ಮೊದಲು ಸೈಜ್ ನೋಡಿ

ಸ್ಟೇಷನರಿ ಅಂಗಡೀಲಿ ನಾವೆಲ್ಲ ಕೇಳೋದು ಒಂದೇ: ನೂರು ಪೇಜಾ, ಇನ್ನೂರು ಪೇಜಾ? ಸೈಜ್ ಯಾವುದು ಅಂತ ಕೇಳೋರು ಕಮ್ಮಿ.

ಎ4 ಗೊತ್ತಲ್ಲ, ಅದೇ ಜೆರಾಕ್ಸ್ ಹಾಳೆ. 21 ಸೆಂಟಿಮೀಟರ್ ಅಗಲ, 29.7 ಉದ್ದ. ಮಧ್ಯಕ್ಕೆ ಅಡ್ಡ ಮಡಚಿದ್ರೆ ಎ5. ಇನ್ನೊಂದು ಸಲ ಮಡಚಿದ್ರೆ ಎ6, ಮತ್ತೊಂದು ಸಲಕ್ಕೆ ಎ7. ಮಜಾ ಏನಂದ್ರೆ, ಎಷ್ಟು ಮಡಚಿದ್ರೂ ಉದ್ದ-ಅಗಲದ ಅನುಪಾತ ಬದಲಾಗಲ್ಲ. ಅದಕ್ಕೇ ಎ4 ನೋಟ್ಸನ್ನ ಚಿಕ್ಕದು ಮಾಡಿ ಜೆರಾಕ್ಸ್ ತೆಗೆಸಿದ್ರೆ ಎ5 ಪುಟದಲ್ಲಿ ಕರೆಕ್ಟಾಗಿ ಕೂರುತ್ತೆ.

ಈಗ ಕೆಲಸದ ವಿಷಯ. ಪಿಯುಸಿ ಮ್ಯಾಥ್ಸ್, ಫಿಸಿಕ್ಸ್, ದೊಡ್ಡ ಚಿತ್ರಗಳಿಗೆಲ್ಲ ಎ4 ಅಥವಾ ಲಾಂಗ್ ಬುಕ್ಕೇ ಬೇಕು. ಒಂದು ಲೆಕ್ಕ ಒಂದೇ ಪುಟದಲ್ಲಿ ಮುಗೀಬೇಕು. ಪುಟ ತಿರುಗಿಸೋವಾಗ್ಲೇ ಮೈನಸ್ ಹೋಗಿ ಪ್ಲಸ್ ಆಗೋದು! ಆದ್ರೆ ಬಸ್ಸಲ್ಲಿ ತೊಡೆ ಮೇಲಿಟ್ಟು ಬರೆಯೋಕೆ ಅದು ಒಗ್ಗಲ್ಲ.

ಮೀಟಿಂಗು, ಡೈರಿ, ದಿನದ ಕೆಲಸದ ಪಟ್ಟಿಗೆ ಎ5 ಸಾಕು. ಒಂದೇ ಒಂದು ಕೊಳ್ಳೋದಾದ್ರೆ ನನ್ನ ಓಟು ಇದಕ್ಕೇ. ಹಾಲಿನ ಲೆಕ್ಕ, ದಿನಸಿ ಪಟ್ಟಿ? ಎ7 ತಗೊಳ್ಳಿ, ಅಂಗಿ ಜೇಬಲ್ಲಿ ಆರಾಮಾಗಿ ಕೂರುತ್ತೆ. ಎ6 ಬ್ಯಾಗಿಗೆ ಸರಿ, ಜೇಬಿಗೆ ಬಿಗಿ.

ಶಾಲೆ ಮಕ್ಕಳಿಗೆ ಮಾತ್ರ ನಮ್ಮ ಬುದ್ಧಿವಂತಿಕೆ ಬೇಡ, ಟೀಚರ್ ಹೇಳಿದ್ದೇ ತಗೊಳ್ಳಿ.

ಇನ್ನೊಂದು ಮಾತು. ಕಿಂಗ್ ಸೈಜ್, ಲಾಂಗ್ ಅಂತ ಹೆಸರು ಒಂದೇ ಇದ್ರೂ ಒಂದೊಂದು ಕಂಪನೀದು ಒಂದೊಂದು ಅಳತೆ ಇರಬಹುದು. ರಟ್ಟಿನ ಮೇಲೆ ಸಾಮಾನ್ಯವಾಗಿ ಸೆಂಟಿಮೀಟರಲ್ಲಿ ಅಳತೆ ಹಾಕಿರ್ತಾರೆ. ಅದನ್ನ ಓದಿ, ಆಮೇಲೆ ದುಡ್ಡು ಕೊಡಿ.