ಹಾಲಾಡಿಯ ಮಳೆ ದಾಟುವ ಕ್ಯಾಕ್ಟಸ್

"ಹೋಯ್, ಬೇಸಗೆಯಲ್ಲಿ ನೀರಿಲ್ದೇ ಬದುಕಿದ ಗಿಡ ಮಳೆಗಾಲದಲ್ಲಿ ಎಂತಕ್ಕೆ ಸತ್ತು ಹೋತ್ತ್?" ಆಸಾಡಿ ತಿಂಗಳು ಬಂತು ಅಂದ್ರೆ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಜೊತೆಗೆ ಒಂದು ಫೋಟೋ: ಮೇಲೆ ಹಸಿರಾಗಿ ಕಾಣುವ, ಬುಡದಲ್ಲಿ ಕಂದು ತಿರುಗಿ ಮೆತ್ತಗಾದ ಕ್ಯಾಕ್ಟಸ್.

ಉತ್ತರ ಸರಳ. ನಮ್ಮೂರಲ್ಲಿ ಕ್ಯಾಕ್ಟಸ್ ಬಾಯಾರಿಕೆಯಿಂದ ಸಾಯುವುದಿಲ್ಲ, ಒದ್ದೆಯಿಂದ ಸಾಯುತ್ತದೆ. ಅಮೆರಿಕದ ಅರಿಜೋನಾದ ಟೂಸಾನ್ ಊರಿಗೆ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ನಮ್ಮ ಉಡುಪಿ ಜಿಲ್ಲೆಗೆ 4000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಹಾಗಾಗಿ ಮೊಬೈಲಿನಲ್ಲಿ ಸಿಗುವ "ವಾರಕ್ಕೊಮ್ಮೆ ನೀರು ಕೊಡಿ" ಎಂಬ ಸಲಹೆ ಬೇರೆ ಆಕಾಶದ ಕೆಳಗೆ ಹುಟ್ಟಿದ್ದು. ನಮಗೆ ನಮ್ಮದೇ ಕ್ಯಾಲೆಂಡರ್ ಬೇಕು.

ಕ್ಯಾಕ್ಟಸ್‌ನಲ್ಲಿ ಎರಡು ಜಾತಿ ಸ್ವಭಾವ

ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದಲೂ ಒಂದು ಕ್ಯಾಕ್ಟಸ್ ಇದೆ, ಆದರೆ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ಮಳೆಗಾಲದ ರಾತ್ರಿ ಅರಳುವ, ಎಲ್ಲರೂ ಫೋಟೋ ತೆಗೆದು ಸ್ಟೇಟಸ್ ಹಾಕುವ "ಬ್ರಹ್ಮಕಮಲ" ಅದು. ಹಿಮಾಲಯದ ನಿಜವಾದ ಬ್ರಹ್ಮಕಮಲವೇ ಬೇರೆ. ನಮ್ಮ ಅಂಗಳದ್ದು ಎಪಿಫಿಲಮ್ ಆಕ್ಸಿಪೆಟಾಲಮ್, ಮೆಕ್ಸಿಕೋ ಕಡೆಯ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕ್ಯಾಕ್ಟಸ್. ಎಲೆ ಅಂತ ನಾವು ನೆಡುವುದು ಅದರ ಚಪ್ಪಟೆ ಕಾಂಡ. ಡ್ರ್ಯಾಗನ್ ಹಣ್ಣಿನ ಗಿಡವೂ ಇದೇ ಕಾಡು ಗುಂಪಿಗೆ ಸೇರಿದ್ದು. ಇವಕ್ಕೆ ಅರೆನೆರಳು, ಗೊಬ್ಬರ, ತೇವ ಎಲ್ಲ ಒಗ್ಗುತ್ತದೆ. ನೀರು ನಿಲ್ಲದಿದ್ದರೆ ಸಾಕು.

ಇನ್ನೊಂದು ಗುಂಪು ಒಣನಾಡಿನದ್ದು: ಚೆಂಡಿನಂತಿರುವ ಗೋಲ್ಡನ್ ಬ್ಯಾರೆಲ್, ಮ್ಯಾಮಿಲೇರಿಯಾ ಮುಂತಾದವು. ನರ್ಸರಿಯಿಂದ ಆಸೆಪಟ್ಟು ತರುವುದು, ಮಳೆಗಾಲದಲ್ಲಿ ಕಳೆದುಕೊಳ್ಳುವುದು ಇವನ್ನೇ. ಕೆಳಗಿನ ಮಾತೆಲ್ಲ ಇವುಗಳ ಬಗ್ಗೆ.

ಕುಂಡ ಮತ್ತು ಮಿಶ್ರಣ

ನರ್ಸರಿಯಿಂದ ತಂದ ಗಿಡ ಹೆಚ್ಚಾಗಿ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ನಮ್ಮ ಹವೆಯಲ್ಲಿ ಅದು ವಾರಗಟ್ಟಲೆ ಒಣಗುವುದಿಲ್ಲ. ಬೇಸಗೆಯಲ್ಲೇ ತೆಗೆದು ಬೇರು ಬಿಡಿಸಿ, ಹೊಸ ಮಿಶ್ರಣಕ್ಕೆ ಹಾಕಿ. ನಾನು ಬಳಸುವುದು:

- ದಪ್ಪ ಹೊಯ್ಗೆ 2 ಪಾಲು (ಸಿಹಿನೀರಿನದ್ದು, ಕಡಲ ತೀರದ್ದು ಬೇಡ)
- ಒಡೆದ ಹಂಚಿನ ಚೂರು 2 ಪಾಲು, ಕಡಲೆಕಾಳಿನ ಗಾತ್ರ, ಧೂಳು ಜರಡಿ ಹಿಡಿದು ತೆಗೆದದ್ದು
- ಇದ್ದಿಲ ಚೂರು ಅಥವಾ ಸುಟ್ಟ ಭತ್ತದ ಹೊಟ್ಟು 1 ಪಾಲು
- ಹಳೆಯ ಎರೆಗೊಬ್ಬರ ಅರ್ಧ ಪಾಲು

ಹಳೆ ಮನೆ ಕೆಡವಿದಲ್ಲಿ ಹಂಚು ಪುಕ್ಕಟೆ ಸಿಗುತ್ತದೆ. ಮಣ್ಣಿನ ಕುಂಡ ಒಳ್ಳೆಯದು, ಬೇಗ ಒಣಗುತ್ತದೆ. ತೂತು ಇಲ್ಲದ ಪಿಂಗಾಣಿ ಕಪ್ಪು ನೋಡಲು ಚಂದ, ಗಿಡಕ್ಕೆ ಕಂಟಕ.

ನಮ್ಮ ಕ್ಯಾಲೆಂಡರ್

ನವೆಂಬರ್–ಮೇ: ಮಿಶ್ರಣ ಬುಡದವರೆಗೂ ಒಣಗಿದ ಮೇಲೆ ಮಾತ್ರ ನೀರು. ಕೊಡುವಾಗ ತೂತಿನಿಂದ ಇಳಿಯುವಷ್ಟು ಕೊಡಿ. ಒಣಗಿದೆಯಾ ಅಂತ ಗೊತ್ತಾಗಲು ಹಿಡಿಸೂಡಿಯ ಕಡ್ಡಿಯೊಂದನ್ನು ಕುಂಡಕ್ಕೆ ಚುಚ್ಚಿ ತೆಗೆಯಿರಿ. ಕಡ್ಡಿಗೆ ತೇವ ಅಂಟಿದ್ದರೆ ಕಾಯಿರಿ.

ಜೂನ್–ಸೆಪ್ಟೆಂಬರ್: ಮಳೆಹನಿ ತಾಗದ, ಆದರೆ ಬೆಳಕು ಬರುವ ಜಾಗಕ್ಕೆ ಸಾಗಿಸಿ. ನೀರು ಬಹುತೇಕ ಬೇಡ. ಗಿಡ ಸುಕ್ಕುಗಟ್ಟಿದರೆ ಮಾತ್ರ, ಬಿಸಿಲು ಕಂಡ ದಿನ ಸ್ವಲ್ಪ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಶೀಟಿನ ಗೂಡು ಮಾಡಿಕೊಂಡವರಿಗೆ ಇದು ಸುಲಭ. ಮಳೆಗಾಲದಲ್ಲಿ ಅದು ಖಾಲಿ ಇದ್ದರೆ ಎರಡೂ ಬದಿ ತೆರೆದು, ಗಾಳಿ ಆಡುವಂತೆ ಮಾಡಿ, ನೆಲದಿಂದ ಎತ್ತರಕ್ಕೆ ಹಲಗೆ ಇಟ್ಟು ಕುಂಡ ಜೋಡಿಸಿ. ಕೋಣೆಯೊಳಗೆ ಕತ್ತಲಲ್ಲಿಟ್ಟರೆ ತುದಿ ಬಿಳಿಚಿ, ಸಪೂರಾಗಿ ಬೆಳೆಯುತ್ತದೆ. ಆ ಆಕಾರ ಮತ್ತೆ ಸರಿಹೋಗುವುದಿಲ್ಲ.

ಅಕ್ಟೋಬರ್: ಒಮ್ಮೆಗೇ ಬಿಸಿಲಿಗೆ ಇಡಬೇಡಿ, ಮೈ ಸುಟ್ಟು ಕಲೆ ಬೀಳುತ್ತದೆ. ಎರಡು ವಾರ ಬೆಳಗಿನ ಬಿಸಿಲು ಮಾತ್ರ, ಆಮೇಲೆ ಪೂರ್ತಿ.

ಕೊಳೆತರೆ, ಹುಳ ಬಂದರೆ

ಬುಡ ಮೆತ್ತಗಾದರೆ ಒಂದು ದಿನವೂ ಕಾಯಬೇಡಿ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಮೇಲಿನ ಭಾಗ ಕತ್ತರಿಸಿ. ಒಳಗೆ ಕಂದು ಚುಕ್ಕಿ ಪೂರ್ತಿ ಮರೆಯಾಗುವವರೆಗೂ ಹೋಳು ತೆಗೆಯುತ್ತಾ ಹೋಗಿ. ಗಾಯ ಒಣಗಿ ಗಟ್ಟಿಯಾಗಲು ಒಂದೆರಡು ವಾರ ನೆರಳಲ್ಲಿಟ್ಟು, ಒಣ ಹೊಯ್ಗೆಯ ಮೇಲೆ ಕೂರಿಸಿ. ಬಿಳಿ ಹಿಟ್ಟಿನಂಥ ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಬ್ರಷ್‌ನಿಂದ ಹಚ್ಚಿ.

ಕಾಡಿನ ಬೇರು, ಒಣನಾಡಿನ ತಲೆ

ಈಗ ಮುಖ್ಯ ವಿಷಯ. ಡ್ರ್ಯಾಗನ್ ಹಣ್ಣಿನ ಬೇರು ನಮ್ಮ ತೇವ ತಡೆಯುತ್ತದೆ. ಹಾಗಾದರೆ ಚೆಂಡು ಕ್ಯಾಕ್ಟಸ್ಸನ್ನು ಅದರ ಮೇಲೆ ಕಸಿ ಮಾಡಿದರೆ? ಅಂಗಡಿಯಲ್ಲಿ ಸಿಗುವ ಕೆಂಪು, ಹಳದಿ ತಲೆಯ "ಮೂನ್ ಕ್ಯಾಕ್ಟಸ್" ಹೀಗೇ ಆದದ್ದು. ಆ ತಲೆಗೆ ಹಸಿರು ಇಲ್ಲ, ಕೆಳಗಿನ ಗಿಡವೇ ಅದಕ್ಕೆ ಅನ್ನ ಹಾಕುವುದು.

ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಬೇರು ಬಿಟ್ಟ ಗೇಣುದ್ದದ ಡ್ರ್ಯಾಗನ್ ತುಂಡಿನ ತಲೆಯನ್ನು ಅಡ್ಡಕ್ಕೆ ಸಪಾಟಾಗಿ ಕತ್ತರಿಸಿ, ಮೂರು ಮೂಲೆಗಳನ್ನು ಸ್ವಲ್ಪ ಓರೆಯಾಗಿ ಸವರಿ. ಚೆಂಡಿನ ಬುಡವನ್ನೂ ಸಪಾಟಾಗಿ ಕೊಯ್ಯಿರಿ. ಎರಡರ ನಡುವೆಯೂ ಒಂದು ಉಂಗುರ ಕಾಣುತ್ತದೆ, ಆಹಾರ-ನೀರು ಸಾಗುವ ನಾಳಗಳು ಅವು. ಉಂಗುರಗಳು ಒಂದು ಕಡೆಯಾದರೂ ಕೂಡುವಂತೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಹತ್ತು ದಿನ ನೆರಳಲ್ಲಿರಲಿ, ಗಾಯಕ್ಕೆ ನೀರು ತಾಗದಿರಲಿ. ಕಸಿ ಗಿಡಕ್ಕೂ ಮಳೆಗಾಲದಲ್ಲಿ ಮಾಡು ಬೇಕು, ಯಾಕಂದ್ರೆ ತಲೆ ಒಣನಾಡಿನದ್ದೇ.

ನಾಲ್ಕು ಕಾಸು ಸಿಗಬಹುದು ಅಂತ ಯೋಚಿಸುವವರಿಗೆ ಎರಡು ಮಾತು. ಆನ್‌ಲೈನ್‌ನಲ್ಲಿ ಕಾಮನಬಿಲ್ಲಿನ ಬಣ್ಣದ ಕ್ಯಾಕ್ಟಸ್ ಬೀಜದ ಫೋಟೋ ನೋಡಿ ದುಡ್ಡು ಹಾಕಬೇಡಿ, ಅಂಥ ಗಿಡವೇ ಇಲ್ಲ. ಹಾಗೇ, ಮೊದಲ ವರ್ಷವೇ ನೂರು ಕುಂಡ ಬೇಡ, ಹತ್ತು ಮಾಡಿ. ಕುಂದಾಪುರ, ಉಡುಪಿಯ ಗಿರಾಕಿಗೆ ಒಣನಾಡಿನ ಗಿಡ ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದಿರುವುದು ಕರಾವಳಿಯ ಒಂದು ಮಳೆಗಾಲ ದಾಟಿದ ಗಿಡ. ಹತ್ತರಲ್ಲಿ ಎಷ್ಟು ದಾಟಿದವು ಅಂತ ಅಕ್ಟೋಬರ್‌ನಲ್ಲಿ ಎಣಿಸಿ, ಸತ್ತದ್ದನ್ನೂ ಖರ್ಚಿಗೆ ಸೇರಿಸಿ. ಆಮೇಲೆ ದರ ಹೇಳಿ.