ಉಚಿತ ವಕೀಲರನ್ನು ತಲುಪಲು ತಗಲುವ ಖರ್ಚು

ತಾಲ್ಲೂಕು ಕೋರ್ಟೊಂದರ ವರಾಂಡದಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಕೂತಿದ್ದ ಆ ಹೆಂಗಸಿನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ನಾಲ್ಕಾಗಿ ಮಡಿಚಿ ಮಡಿಕೆಯಲ್ಲೇ ಹರಿಯತೊಡಗಿದ್ದ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಚೀಟಿ, ಮೂರು ಆಧಾರ್ ಜೆರಾಕ್ಸ್. ಜೊತೆಗೆ ಕೆಲಸ ಬಿಟ್ಟು ಬಂದಿದ್ದ ತಮ್ಮ. ಹಲ್ಲೆ ಕೇಸು. ಮಧ್ಯಾಹ್ನದ ಹೊತ್ತಿಗೆ ಕೇಸು ಕೂಗಿದರು, ನಿಮಿಷದಲ್ಲಿ ಮುಂದಿನ ತಾರೀಖು ಬಿತ್ತು. ಹೊರಗೆ ಬಂದ ವಕೀಲರೊಬ್ಬರು ಕಾಗದ ಇಸಿದುಕೊಂಡು ನೋಡಿ, ‘ಇವತ್ತು ನೀವು ಬರಲೇಬೇಕು ಅಂತ ಇರಲಿಲ್ಲಮ್ಮ. ಸಾಕ್ಷಿಗೆ ಸಮನ್ಸ್ ಬಂದಾಗ ಬಂದರೆ ಸಾಕು’ ಎಂದರು. ‘ಯಾರೂ ಹೇಳಲಿಲ್ಲ ಸಾರ್, ಪ್ರತಿ ತಾರೀಖಿಗೂ ಬರ್ತಿದೀವಿ’ ಎಂದರು ಆಕೆ. ಅವರು ಕೂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬೋರ್ಡು ಕಾಣುತ್ತಿತ್ತು. ಆ ಬಾಗಿಲು ದಾಟಿದ್ದರೆ ಈ ಮಾತನ್ನು ಮೊದಲ ದಿನವೇ ಹೇಳುವ ವಕೀಲರು ಅವರಿಗೆ ಸಿಗುತ್ತಿದ್ದರು, ಒಂದು ಪೈಸೆ ಖರ್ಚಿಲ್ಲದೆ.

ಆ ಮಾತಿನ ಬೆಲೆ ಎಷ್ಟು? ಕೂಡಿ ಕಳೆದು ನೋಡೋಣ. ಕರ್ನಾಟಕದಲ್ಲಿ 2025-26ನೇ ಸಾಲಿನ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಜೊತೆಗೆ ಬರುವ ತಮ್ಮನಿಗೆ ಇದೆ. ಹೋಗಿ ಬರಲು 120 ರೂಪಾಯಿ, ಇಬ್ಬರ ಊಟ-ಚಹಾಕ್ಕೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಇಬ್ಬರ ಕೂಲಿ 740. ಅಲ್ಲಿಗೆ ಒಂದು ದಿನದ ಕೋರ್ಟು ಓಡಾಟಕ್ಕೆ 960 ರೂಪಾಯಿ. ಇಪ್ಪತ್ತು ತಾರೀಖಿಗೆ ಬಂದರೆ 19,200. ಬರಲೇಬೇಕಾದ ದಿನಗಳು ಆರು ಮಾತ್ರವಾಗಿದ್ದರೆ 5,760. ‘ಇವತ್ತು ಬರಬೇಡಿ’ ಎಂಬ ಒಂದು ಸಲಹೆ ಉಳಿಸುವ ಹಣ 13,440 ರೂಪಾಯಿ, ಅಂದರೆ ಒಬ್ಬರ 36 ದಿನದ ಕೂಲಿ. ತಾರೀಖುಗಳ ಸಂಖ್ಯೆ, ಟಿಕೆಟ್ಟು, ಊಟದ ಖರ್ಚು ನನ್ನ ಅಂದಾಜು. ನಿಮ್ಮ ಊರಿನ ದೂರ ಹಾಕಿಕೊಂಡು ಬೇಕಾದರೆ ತಿದ್ದಿಕೊಳ್ಳಿ.

ಈ ಉಚಿತ ಕಾನೂನು ನೆರವು ತೀರಾ ಬಡವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಸಂವಿಧಾನಕ್ಕೆ ಉಚಿತ ಕಾನೂನು ನೆರವಿನ 39ಎ ವಿಧಿ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅದರ ಬೆನ್ನಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಸೆಕ್ಷನ್ನಿನ ಪ್ರಕಾರ ಯಾವ ಹೆಂಗಸೂ, ಯಾವ ಮಗುವೂ ಆದಾಯದ ಸರ್ಟಿಫಿಕೇಟ್ ತೋರಿಸಬೇಕಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಮಾನವ ಸಾಗಣೆಗೆ ಸಿಕ್ಕವರು, ಜೀತಕ್ಕೆ ಬಿದ್ದವರು, ಜಾತಿ ದೌರ್ಜನ್ಯಕ್ಕೆ ತುತ್ತಾದವರು ಕೂಡ ಅಷ್ಟೇ. 2011ರ ಜನಗಣತಿಯ ಕರ್ನಾಟಕದಲ್ಲಿ 6.11 ಕೋಟಿ ಜನ, ಅದರಲ್ಲಿ ಹೆಂಗಸರು 3.01 ಕೋಟಿ. ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿ ಶೇ 17.15, ಪರಿಶಿಷ್ಟ ಪಂಗಡ ಶೇ 6.95. ಈ ಎರಡು ಸಮುದಾಯಗಳ ಗಂಡಸರೇ ಸುಮಾರು 74 ಲಕ್ಷ ಆಗುತ್ತಾರೆ. ಬೇರೆ ಯಾರನ್ನೂ ಸೇರಿಸದೆ ಇಷ್ಟನ್ನೇ ಕೂಡಿಸಿದರೂ ಮೂರೂಮುಕ್ಕಾಲು ಕೋಟಿ, ರಾಜ್ಯದ ಪ್ರತಿ ಹತ್ತು ಜನರಲ್ಲಿ ಆರು ಮಂದಿ. ಉಳಿದವರಿಗೆ ರಾಜ್ಯದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ ಆದಾಯದ ಮಿತಿ ಇದೆ. ಸುಪ್ರೀಂ ಕೋರ್ಟಿನ ಕೇಸಿಗಾದರೆ 5 ಲಕ್ಷ.

ಅರ್ಜಿ ಕೊಟ್ಟ 7 ದಿನದೊಳಗೆ ತೀರ್ಮಾನ ಆಗಬೇಕು. ಸಮಿತಿ ಕೊಡುವ ಪ್ಯಾನಲ್ ವಕೀಲರ ಫೀಸು, ಕೋರ್ಟ್ ಶುಲ್ಕ, ನಕಲು ಪ್ರತಿ, ಟೈಪಿಂಗ್, ಅನುವಾದ ಎಲ್ಲವೂ ಸರ್ಕಾರದ್ದು. ಆ ವಕೀಲರು ಕಕ್ಷಿದಾರರ ಹತ್ತಿರ ದುಡ್ಡು ಕೇಳುವಂತಿಲ್ಲ, ಪಡೆಯುವಂತಿಲ್ಲ. ಫೋನಿನಲ್ಲಿ ನೆರವು ಕೇಳುವುದಾದರೆ 15100. ಇದಲ್ಲದೆ ನೊಂದವರಿಗೆ ಎಫ್‌ಐಆರ್ ಪ್ರತಿ ಉಚಿತ. ಲೈಂಗಿಕ ದೌರ್ಜನ್ಯಕ್ಕೆ, ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಬೇಕು, ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ನೊಂದವರಿಗೆ ತಿಳಿಸಬೇಕು.

‘ಸರ್ಕಾರಿ ವಕೀಲರು ಇದ್ದಾರಲ್ಲ, ನನಗೇಕೆ ಬೇರೆ ವಕೀಲರು?’ ಎಂದು ಕೇಳುವವರು ಬಹಳ. ಪಬ್ಲಿಕ್ ಪ್ರಾಸಿಕ್ಯೂಟರ್ ವಾದಿಸುವುದು ಸರ್ಕಾರದ ಪರವಾಗಿ. ನೊಂದವರನ್ನು ಕೂರಿಸಿಕೊಂಡು ಪಾಟಿ ಸವಾಲು ಹೇಗಿರುತ್ತದೆ ಎಂದು ಹೇಳುವುದು, ಪರಿಹಾರದ ಅರ್ಜಿ ಬರೆಯುವುದು, ಆರೋಪಿ ಖುಲಾಸೆಯಾದರೆ ಮೇಲ್ಮನವಿಯ ಹಕ್ಕಿದೆ ಎಂದು ನೆನಪಿಸುವುದು ಅವರ ದಿನದ ಕೆಲಸದಲ್ಲಿ ಬರುವುದಿಲ್ಲ. ನೊಂದವರ ಪರ ವಕೀಲರೊಬ್ಬರು ಪ್ರಾಸಿಕ್ಯೂಷನ್ನಿಗೆ ನೆರವಾಗಲು ಕಾನೂನು ಅವಕಾಶ ಕೊಟ್ಟಿದೆ. ಅತ್ಯಾಚಾರದ ದೂರು ಕೊಡಲು ಬಂದವರಿಗೆ ಪೊಲೀಸ್ ಠಾಣೆಯಲ್ಲೇ ವಕೀಲರ ನೆರವು ಸಿಗಬೇಕು, ಅಂಥ ವಕೀಲರ ಪಟ್ಟಿ ಠಾಣೆಯಲ್ಲಿ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ, ದೆಹಲಿಯ ಮನೆಗೆಲಸದ ಮಹಿಳೆಯರ ಸಂಘಟನೆಯೊಂದು ಹೂಡಿದ ಪ್ರಕರಣದಲ್ಲಿ. ಮೂವತ್ತು ವರ್ಷ ದಾಟಿತು. ನಿಮ್ಮ ಠಾಣೆಯ ಗೋಡೆಯ ಮೇಲೆ ಆ ಪಟ್ಟಿ ಇದೆಯೇ, ಒಮ್ಮೆ ಹೋಗಿ ನೋಡಿ.

ವಕೀಲರು ಸಿಗದಿದ್ದರೆ ಕೈತಪ್ಪುವುದು ಕೂಲಿ ಮಾತ್ರವಲ್ಲ. 2018ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪರಿಹಾರ ಯೋಜನೆಯಲ್ಲಿ ಅತ್ಯಾಚಾರಕ್ಕೆ ಒಳಗಾದ ಮಹಿಳೆಗೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರವಾಗಿದ್ದರೆ 5ರಿಂದ 10 ಲಕ್ಷ, ಆಸಿಡ್‌ನಿಂದ ಮುಖ ವಿರೂಪಗೊಂಡಿದ್ದರೆ 7ರಿಂದ 8 ಲಕ್ಷ ರೂಪಾಯಿ. ವಯಸ್ಸಿಗೆ ಬಾರದವರಾದರೆ ಇದರ ಮೇಲೆ ಶೇ 50 ಹೆಚ್ಚು. ಆಸಿಡ್ ದಾಳಿಯಾದರೆ ವಿಷಯ ಗಮನಕ್ಕೆ ಬಂದ 15 ದಿನದೊಳಗೆ 1 ಲಕ್ಷ, ಆಮೇಲೆ ಎರಡು ತಿಂಗಳೊಳಗೆ ಇನ್ನೂ 2 ಲಕ್ಷ ಕೈಸೇರಬೇಕು. ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ, ಆರೋಪಿ ಪತ್ತೆಯೇ ಆಗದಿದ್ದರೂ ಅರ್ಜಿ ಹಾಕಬಹುದು. ಗಡುವು ಮಾತ್ರ 3 ವರ್ಷ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸಬಹುದು, ಆದರೆ ಅದಕ್ಕೂ ಬೇರೆ ಅರ್ಜಿ ಬರೆಯಬೇಕು.

5 ಲಕ್ಷ ಮಂಜೂರಾಯಿತು ಎಂದುಕೊಳ್ಳಿ. ಅದರಲ್ಲಿ ಶೇ 75, ಅಂದರೆ 3.75 ಲಕ್ಷ, ಕನಿಷ್ಠ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಇರುತ್ತದೆ. ಕೈಗೆ ಬರುವುದು 1.25 ಲಕ್ಷ. ಓದಿಗೆ, ಚಿಕಿತ್ಸೆಗೆ ತುರ್ತಾಗಿ ಬೇಕಾದರೆ ಪ್ರಾಧಿಕಾರದ ಅನುಮತಿ ಪಡೆದು ತೆಗೆಯಬಹುದು ಎಂಬ ನಿಯಮವೂ ಇದೆ. ಇದು ಗೊತ್ತಿಲ್ಲದೆ ಸಾಲ ಮಾಡಿ ಆಸ್ಪತ್ರೆಗೆ ಕಟ್ಟುವವರನ್ನು ನೆನೆದರೆ ಸಂಕಟವಾಗುತ್ತದೆ.

ಇದೇ ಯೋಜನೆಯ ಇನ್ನೊಂದು ನಿಯಮ ಇಡೀ ಸಮಸ್ಯೆಯನ್ನು ಅರ್ಧಕ್ಕೆ ಇಳಿಸಬಲ್ಲದು. ಅತ್ಯಾಚಾರ, ಆಸಿಡ್ ದಾಳಿಯಂಥ ಪ್ರಕರಣ ದಾಖಲಾದ ಕೂಡಲೇ ಎಫ್‌ಐಆರ್ ಪ್ರತಿಯನ್ನು ಠಾಣೆಯವರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ತಾನಾಗಿಯೇ ಕೆಲಸ ಶುರು ಮಾಡಬಹುದು. ಅಂದರೆ ನೊಂದವರು ಕಚೇರಿ ಹುಡುಕಿಕೊಂಡು ಹೋಗಬೇಕಿಲ್ಲ, ಕಚೇರಿಯೇ ಅವರನ್ನು ಹುಡುಕಬಹುದು. ಎಲ್ಲ ಬಗೆಯ ಹಲ್ಲೆಗೂ ಕೌಟುಂಬಿಕ ಹಿಂಸೆಗೂ ಈ ಕ್ರಮ ಬರಬೇಕು ಎಂಬುದು ನನ್ನ ಒತ್ತಾಯ.

ಹುಡುಕಲು ಜನ ಬೇಕು, ಜನರಿಗೆ ದುಡ್ಡು ಬೇಕು. 2025ರ ಇಂಡಿಯಾ ಜಸ್ಟೀಸ್ ರಿಪೋರ್ಟ್ ಪ್ರಕಾರ ದೇಶದಲ್ಲಿ ತಲಾವಾರು ವಾರ್ಷಿಕ ವೆಚ್ಚ ಪೊಲೀಸ್ ವ್ಯವಸ್ಥೆಗೆ 1,275 ರೂಪಾಯಿ, ನ್ಯಾಯಾಂಗಕ್ಕೆ 182, ಜೈಲಿಗೆ 57, ಕಾನೂನು ನೆರವಿಗೆ ಸುಮಾರು 6. ಹಳ್ಳಿಗೂ ಕೋರ್ಟಿಗೂ ಸೇತುವೆಯಾಗಬೇಕಾದ ಅರೆ ಕಾನೂನು ಸ್ವಯಂಸೇವಕರ ಸಂಖ್ಯೆ 2019ರಿಂದ 2024ರೊಳಗೆ ಶೇ 38 ಕುಸಿದು, ಲಕ್ಷ ಜನಕ್ಕೆ ಮೂವರು ಉಳಿದಿದ್ದಾರೆ. ಅದೇ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ ಮೊದಲ ಸ್ಥಾನದಲ್ಲಿದೆ. ಆ ಸ್ಥಾನದಲ್ಲಿರುವ ರಾಜ್ಯವೇ ಮೊದಲು ಹೆಜ್ಜೆ ಇಡಬೇಕು.

ಯಾವ ಹೆಜ್ಜೆ ಎಂಬುದಕ್ಕೆ ಮಾದರಿ ನಮ್ಮ ಕಾನೂನಿನಲ್ಲೇ ಇದೆ. ದೂರುದಾರರ, ಸಾಕ್ಷಿಗಳ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರ ಎಲ್ಲ ಕ್ರಿಮಿನಲ್ ಕೋರ್ಟುಗಳಿಗೂ ಇದೆ, ಆದರೆ ಅದನ್ನು ಕೇಳಬಹುದೆಂದು ತಿಳಿದವರು ಕಡಿಮೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ನಿಯಮಗಳು, 1995 ಅದನ್ನು ಕೋರ್ಟಿನ ಮರ್ಜಿಗೆ ಬಿಟ್ಟಿಲ್ಲ. ಅದರ 11ನೇ ನಿಯಮದ ಪ್ರಕಾರ ತನಿಖೆಗೆ, ವಿಚಾರಣೆಗೆ ಬರುವ ನೊಂದವರಿಗೂ ಸಾಕ್ಷಿಗಳಿಗೂ ಬಸ್ಸು-ರೈಲಿನ ಖರ್ಚು, ಜೊತೆಗೆ ಕನಿಷ್ಠ ಕೂಲಿಗೆ ಕಡಿಮೆಯಾಗದ ದಿನಭತ್ಯೆ ಕೊಡಬೇಕು. ತಡವಾದರೂ ಮೂರು ದಿನದೊಳಗೆ. ಹೆಂಗಸರು, ಮಕ್ಕಳು, 60 ದಾಟಿದವರು, ಅಂಗವಿಕಲರು ತಮಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆತರಬಹುದು. ಹಾಗೆ ಬಂದವರ ಖರ್ಚೂ ಸರ್ಕಾರದ್ದೇ.

ಆ ನಿಯಮ ಬರೆದವರಿಗೆ ಜೊತೆಗೆ ಬರುವ ತಮ್ಮನ ಟಿಕೆಟ್ಟೂ ಕೂಲಿಯೂ ಕಂಡಿತ್ತು. ವರಾಂಡದಲ್ಲಿ ಕೂತಿದ್ದ ಆ ಹೆಂಗಸಿನ ಕೇಸು ದೌರ್ಜನ್ಯ ತಡೆ ಕಾಯ್ದೆಯಡಿ ಬರುತ್ತಿರಲಿಲ್ಲ. ಹಾಗಾಗಿ ಅವತ್ತಿನ 960 ರೂಪಾಯಿಯನ್ನು ಅವರೇ ಭರಿಸಿದರು. ಇದೇ 11ನೇ ನಿಯಮವನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಎಫ್‌ಐಆರ್ ಪ್ರತಿಯ ಮೇಲ್ಭಾಗದಲ್ಲಿ 15100 ಎಂದು ದಪ್ಪಕ್ಷರದಲ್ಲಿ ಮುದ್ರಿಸಿ ಕೊಡುವುದಕ್ಕೆ ಹೊಸ ಇಲಾಖೆಯೇನೂ ಬೇಕಾಗಿಲ್ಲ.